ಎಣ್ಣೆ ಮಿಂದ ಅಯಸ್ಕಾಂತ

ವಿಜಯನಗರ ಜಿಲ್ಲೆಯ ಉಜ್ಜಿನಿಯಲ್ಲಿ ಪ್ರತಿವರ್ಷವೂ ಜಾತ್ರೆಯ ಕಾಲಕ್ಕೆ ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ಭಕ್ತರು ತಂದ ಎಣ್ಣೆ ಕಲ್ಲಿನ ಮೇಲೆ ಧಾರೆಯಾಗಿ ಇಳಿಯುತ್ತದೆ. ಅಲ್ಲಿ ಅದು ಭಕ್ತಿಯ ಮಾತು. ಆದರೆ ಕಲ್ಲಿಗೆ ಎಣ್ಣೆಯೆರೆಯುವ ಕಾರ್ಯ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿಯೂ ಉಂಟೆಂದರೆ ಹಲವರಿಗೆ ಆಶ್ಚರ್ಯವಾದೀತು.

ಪ್ರಯೋಗಶಾಲೆಯ ಕಲ್ಲು ಮ್ಯಾಗ್ನೆಟೈಟ್ ಎಂಬ ಅಯಸ್ಕಾಂತ ಶಿಲೆ. ಒಂದೊಂದು ಕಣದ ಗಾತ್ರ ಸುಮಾರು 10 ನ್ಯಾನೋಮೀಟರು. ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೋಮೀಟರು. ಇಷ್ಟು ಸೂಕ್ಷ್ಮವಾದ ಕಣಗಳು ಅಯಸ್ಕಾಂತ ಸಮೀಪಿಸಿದಾಗ ಮಾತ್ರ ಕಾಂತತ್ವವನ್ನು ತೋರಿ, ಅದು ದೂರವಾದೊಡನೆ ಮರೆತುಬಿಡುತ್ತವೆ. ಆದರೂ ತಮ್ಮಷ್ಟಕ್ಕೆ ಬಿಟ್ಟರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಅವುಗಳನ್ನು ಮಾಡುವುದಕ್ಕಿಂತ ಬಿಡಿಬಿಡಿಯಾಗಿ ಉಳಿಸುವುದೇ ಕಷ್ಟ.

1963ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಸ್ಟೀಫನ್ ಪ್ಯಾಪೆಲ್ ಅವರು, ತೂಕವಿಲ್ಲದ ಬಾಹ್ಯಾಕಾಶದಲ್ಲಿ ರಾಕೆಟ್ಟಿನ ಇಂಧನವನ್ನು ಅಯಸ್ಕಾಂತದಿಂದ ಸೆಳೆಯುವ ಉಪಾಯ ಹುಡುಕುತ್ತಿದ್ದರು. ಮ್ಯಾಗ್ನೆಟೈಟ್ ಪುಡಿಯನ್ನು ಓಲಿಯಿಕ್ ಆಮ್ಲದೊಡನೆ ಗುಂಡುಗಳ ಗಿರಣಿಯಲ್ಲಿ ದಿನಗಟ್ಟಲೆ ಅರೆದರು. ಶೇಂಗಾ ಎಣ್ಣೆಯಲ್ಲಿ ಹೇರಳವಾಗಿರುವುದೂ ಈ ಆಮ್ಲವೇ. ಅದರ ಅಣುಗಳು ಒಂದು ತುದಿಯಿಂದ ಕಣವನ್ನು ಹಿಡಿದು, ಬಾಲವನ್ನು ಹೊರಚಾಚಿ, ಪಕ್ಕದ ಕಣವನ್ನು ದೂರವಿರಿಸಿದವು.

ಅರೆಯುವ ಶ್ರಮವನ್ನು 1981ರಲ್ಲಿ ಫ್ರಾನ್ಸಿನ ರೆನೆ ಮಸ್ಸಾರ್ ಅವರ ವಿಧಾನ ತಪ್ಪಿಸಿತು. ಎರಡು ಬಗೆಯ ಕಬ್ಬಿಣದ ಲವಣಗಳ ದ್ರಾವಣವನ್ನು ಅಮೋನಿಯಾಕ್ಕೆ ಬೆರೆಸಿದರೆ ಕಪ್ಪು ಮ್ಯಾಗ್ನೆಟೈಟ್ ತಾನಾಗಿ ಒತ್ತರಿಸುತ್ತಿತ್ತು. ಆದರೆ ಕಣಗಳ ಗಾತ್ರ ಒಂದೇ ಸಮನಾಗಿರಲಿಲ್ಲ.

ಅದೇ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಸಿ. ಪಾಟೀಲರೂ ಸಂಗಡಿಗರೂ ಬೇರೊಂದು ದಾರಿ ಹಿಡಿದರು. ಲೋಹದ ಲವಣದೊಳಗೇ ಹೈಡ್ರಜೀನ್ ಎಂಬ ಇಂಧನವನ್ನು ಅಡಗಿಸಿದರು. ಅಲ್ಪ ಶಾಖಕ್ಕೇ ಅದು ಹೊತ್ತಿ ಉರಿದು, ನವುರಾದ ಕಾಂತಪುಡಿ ಉಳಿಯಿತು. ಕುಲುಮೆಯಲ್ಲಿ ಬಹುಕಾಲ ಕಾಯಿಸುವ ಅಗತ್ಯ ತಪ್ಪಿತು.

ಸಮಗಾತ್ರದ ಸಮಸ್ಯೆಗೆ 2004ರಲ್ಲಿ ಪರಿಹಾರ ತೋರಿದವರು ದಕ್ಷಿಣ ಕೊರಿಯಾದ ತೇಗ್‌ವಾನ್ ಹ್ಯೋನ್ ಮತ್ತು ಸಂಗಡಿಗರು. ಕಬ್ಬಿಣದ ಲವಣವನ್ನು ಸಾಬೂನಿನ ಜಾತಿಯ ಸೋಡಿಯಂ ಓಲಿಯೇಟಿನೊಡನೆ ಸೇರಿಸಿ, ಬಂದ ವಸ್ತುವನ್ನು 320 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರು. ಒಂದೇ ಸಲಕ್ಕೆ 40 ಗ್ರಾಂ ಸಮಗಾತ್ರದ ಕಣಗಳು ದೊರೆತವು. ಇಲ್ಲಿಯೂ ನೆರವಾದದ್ದು ಓಲಿಯಿಕ್ ಆಮ್ಲದ ಸಂತತಿಯೇ!

ಇಷ್ಟೆಲ್ಲ ಸಾಹಸವೇಕೆ? ರೋಗಿಯ ರಕ್ತಕ್ಕೆ ಸೇರಬೇಕಾದ ಕಣಗಳು ಮುದ್ದೆಯಾದರೆ ಸೂಕ್ಷ್ಮ ನಾಳಗಳನ್ನು ಮುಚ್ಚಿಬಿಡಬಹುದು. ರಕ್ತದಲ್ಲಿ ನೀರೇ ಹೆಚ್ಚು. ಎಣ್ಣೆಯ ಹೊದಿಕೆ ಅಲ್ಲಿ ಸಲ್ಲದು. ಅದಕ್ಕಾಗಿ ಸಕ್ಕರೆಯ ಕುಲದ ಡೆಕ್ಸ್‌ಟ್ರಾನ್ ಹೊದಿಸುವರು. ಯಕೃತ್ತಿನ ಗಂತಿಗಳನ್ನು ಎಂ. ಆರ್. ಐ. ಚಿತ್ರದಲ್ಲಿ ಗುರುತಿಸಲು ಅಂಥ ಕಣಗಳಿಗೆ ಅಮೆರಿಕ ಸರಕಾರ 1996ರಲ್ಲಿ ಅನುಮತಿ ನೀಡಿತು. ಕಲ್ಲು ಔಷಧಶಾಲೆಯನ್ನು ಸೇರಿದ್ದು ತನ್ನ ಬಲದಿಂದಲ್ಲ, ತೊಟ್ಟ ಹೊದಿಕೆಯ ಬಲದಿಂದ.