ಹೆಸರಳಿದ ಮೋಟಾರು

ಗುಜರಿ ಅಂಗಡಿಯ ಕಬ್ಬಿಣದ ರಾಶಿಯಿಂದ ಅಲ್ಪ ಬೆಲೆಗೆ ಬಂದು, ಬಡಗಿಯ ಕೊಟ್ಟಿಗೆಯಲ್ಲೋ ವೆಲ್ಡಿಂಗ್ ಶೆಡ್ಡಿನಲ್ಲೋ ಸಾಣೆಕಲ್ಲನ್ನು ತಿರುಗಿಸುವ ಕಾರ್ಯಕ್ಕೆ ನಿಯುಕ್ತವಾಗುವ ಹಳೆಯ ಮೋಟಾರುಗಳು ನಮ್ಮ ಊರೂರಿನಲ್ಲಿಯೂ ಇವೆ. ಇನ್ನೂ ದುಡಿಯಬಲ್ಲ ತಾಮ್ರವನ್ನೂ ಉಕ್ಕನ್ನೂ ಕುಲುಮೆಗೆ ಹಾಕದೆ ಉಳಿಸಿಕೊಳ್ಳುವ ಈ ಪದ್ಧತಿ ಸರ್ವಥಾ ಶ್ಲಾಘ್ಯವಾದುದು. ಆದರೆ ನಾಮಫಲಕ ಕಳಚಿಹೋಗಿ, ಇದ್ದ ಅಕ್ಷರಗಳನ್ನು ಬಣ್ಣ ನುಂಗಿ, ವೋಲ್ಟೇಜಾಗಲಿ ವೇಗವಾಗಲಿ ತಿಳಿಯದಂತಾದ ಯಂತ್ರದ ತಂತಿಗಳನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ಚು ಹಾಕಿಬಿಡುವ ಸಾಹಸವನ್ನು ನಾನು ಒಪ್ಪಲಾರೆ.

ಕೈಯಲ್ಲೊಂದು ಮಲ್ಟಿಮೀಟರು, ಮನಸ್ಸಿನಲ್ಲಿಷ್ಟು ತಾಳ್ಮೆ ಇದ್ದರೆ ಹೆಸರಿಲ್ಲದ ಮೋಟಾರು ತನ್ನ ಕುಲಗೋತ್ರವನ್ನು ಬಹುಮಟ್ಟಿಗೆ ತಾನೇ ಹೇಳುತ್ತದೆ. ಮೂರು ತಂತಿಗಳು ಹೊರಬಂದಿರುವ ಸಿಂಗಲ್ ಫೇಸ್ ಮೋಟಾರೊಂದರಲ್ಲಿ ಎರಡೆರಡನ್ನು ಹಿಡಿದು ಅಳೆದಾಗ 4, 10, 14 ಓಮ್ ಬಂದಿತೆನ್ನಿ: 14 ಬಂದ ಜೋಡಿಗೆ ಸೇರದೆ ಉಳಿದ ತಂತಿಯೇ ಕಾಮನ್, ಅದರಿಂದ 4 ತೋರುವುದು ರನ್ನಿಂಗ್ ಸುರುಳಿ, 10 ತೋರುವುದು ಸ್ಟಾರ್ಟಿಂಗ್ ಸುರುಳಿ; ಕೆಪಾಸಿಟರು ಸೇರತಕ್ಕದ್ದು ಈ ಎರಡನೆಯದರ ಸರಣಿಯಲ್ಲಿ. ಎರಡು ಸುರುಳಿಗಳೂ ಸಮನಾಗಿದ್ದರೆ ಅದು ಎರಡೂ ದಿಕ್ಕಿಗೆ ತಿರುಗುವ ವಾಷಿಂಗ್ ಮೆಷೀನಿನದಾಗಿರುವ ಸಂಭವ ಹೆಚ್ಚು. ಸುರುಳಿಗೂ ಮೈಗೂ ನಡುವಿನ ಇನ್ಸುಲೇಷನ್ನನ್ನು ಅಳೆಯುವ 500 ವೋಲ್ಟಿನ ಮೆಗ್ಗರಿನಲ್ಲಿ ಕನಿಷ್ಠ 1 ಮೆಗಾಓಮ್ ಬಾರದ ಮೋಟಾರಿಗೆ ವಿದ್ಯುತ್ತನ್ನು ಕೊಡಲೇಬಾರದು. ಮೊದಲ ಬಾರಿ ಕೊಡುವಾಗ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿಟ್ಟರೆ, ಜೋಡಣೆ ತಪ್ಪಿದ್ದರೂ ಅರ್ಧ ಆಂಪಿಯರಿನಷ್ಟೂ ಪ್ರವಾಹ ನಿಂತು ಹರಿಯದು, ಸುರುಳಿ ಸುಡದು. ಶಾಕಿನಿಂದ ಮಾತ್ರ ಅದು ಕಾಪಾಡದಾದುದರಿಂದ ಮೈಗೆ ಅರ್ತ್ ತಂತಿ ಅನಿವಾರ್ಯ.

ವೇಗದ ವಿಷಯವನ್ನು ಅನೇಕರು ಗಣನೆಗೇ ತಂದುಕೊಳ್ಳುವುದಿಲ್ಲ. ನಮ್ಮ 50 ಹರ್ಟ್ಜ್ ಪೂರೈಕೆಯಲ್ಲಿ ನಾಲ್ಕು ಧ್ರುವಗಳ ಇಂಡಕ್ಷನ್ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು, ಎರಡು ಧ್ರುವಗಳದು ಸುಮಾರು 2880 ಸುತ್ತು ತಿರುಗುವುವು. ಆದರೆ ಕಾರ್ಬನ್ ಬ್ರಷ್ಷು ಹೊತ್ತ ಮಿಕ್ಸಿಯ ಮೋಟಾರಿಗೆ ಇಂಥ ಕಟ್ಟಳೆಯಿಲ್ಲ. ಹೊರೆ ಇಳಿದಂತೆಲ್ಲ ಅದರ ವೇಗ ಏರುತ್ತಲೇ ಹೋಗುವುದು. ಇಂಥದಕ್ಕೆ ಸಾಣೆಕಲ್ಲನ್ನು ಸಿಕ್ಕಿಸಿದರೆ, ಆ ಕಲ್ಲಿನ ಮೇಲೆ ಮುದ್ರಿತವಾದ ಗರಿಷ್ಠ ವೇಗವನ್ನು ಮೀರಿ ಅದು ಸಿಡಿದು, ಎದುರಿಗೆ ನಿಂತವನ ಮುಖವನ್ನೇ ಹೊಕ್ಕೀತು.

ಇಷ್ಟೆಲ್ಲ ಪರೀಕ್ಷೆಯ ಭಾರವನ್ನು ಕೊಂಡವನೊಬ್ಬನ ತಲೆಗೇ ಹೊರಿಸುವುದು ನ್ಯಾಯವಲ್ಲ. ಪಂಪ್‌ಸೆಟ್ಟುಗಳ ಹೊಟ್ಟೆಯನ್ನು ಬಿಚ್ಚಿ ಹೊಸ ತಂತಿ ಸುತ್ತಿಕೊಡುವ ನಮ್ಮ ತಾಲ್ಲೂಕು ಕೇಂದ್ರಗಳ ವೈಂಡಿಂಗ್ ಕುಶಲಿಗಳು, ಆ ಯಂತ್ರದ ಅಂತರಂಗವನ್ನು ಕಣ್ಣಾರೆ ಕಂಡವರು. ಅವರು ತಿಳಿದುದನ್ನು ಬರೆದಿಡದೆ ಬಣ್ಣ ಹೊಡೆದು ಕಳುಹಿಸಿದಾಗ ಆ ಜ್ಞಾನ ಅಲ್ಲಿಯೇ ಲುಪ್ತವಾಗುತ್ತದೆ. ತಯಾರಕರಾದರೋ ಹತ್ತಾರು ವರ್ಷ ಬಾಳುವ ಯಂತ್ರಕ್ಕೆ ಎಣ್ಣೆ ತಾಗಿದರೆ ಅಳಿಯುವ ಕಾಗದದ ಚೀಟಿಯನ್ನು ಅಂಟಿಸಬಾರದು. ವೋಲ್ಟೇಜು, ಫೇಸು, ವೇಗ, ಕೆಪಾಸಿಟರಿನ ಅಳತೆ, ಈ ನಾಲ್ಕನ್ನಾದರೂ ಮೋಟಾರಿನ ಮೈಗೇ ಅಕ್ಷರದ ಪಂಚಿನಿಂದ ಒತ್ತಬೇಕೆಂದು ತಯಾರಕರಿಗೆ ನಿಯಮವಾಗಲಿ; ವೈಂಡಿಂಗ್ ಅಂಗಡಿಗಳು ನಿಯಮಕ್ಕೆ ಕಾಯದೆ ಇಂದಿನಿಂದಲೇ ಅದನ್ನು ರೂಢಿಗೆ ತರಲಿ; ಐಟಿಐಗಳ ಪ್ರಾಯೋಗಿಕ ಪರೀಕ್ಷೆಯಲ್ಲಿ ಗುಜರಿಯಿಂದ ತಂದ ಹೆಸರಿಲ್ಲದ ಮೋಟಾರೊಂದು ಪ್ರತಿ ವಿದ್ಯಾರ್ಥಿಯ ಮೇಜಿನ ಮೇಲೂ ಇರಲಿ.