ಮನೆಬಳಕೆ – ತಿಳಿವಳಿಕೆ: ಟಿ.ವಿ. ಹತ್ತದೇ ಹೋದಾಗ

ಸಂಜೆ ವಾರ್ತೆಯ ಹೊತ್ತಿಗೆ ಟಿ.ವಿ. ಹತ್ತದೇ ಹೋದರೆ ಮನೆಯಲ್ಲಿ ಎರಡು ಬಗೆಯ ಅವಸರಗಳು ಕಾಣಿಸಿಕೊಳ್ಳುತ್ತವೆ. ಹಿರಿಯರು ರಿಪೇರಿಯವರಿಗೆ ಹೇಳಿ ಕಳುಹಿಸುತ್ತಾರೆ. ಕಿರಿಯರು ಸ್ಕ್ರೂಡ್ರೈವರ್ ಹಿಡಿದು ಹಿಂಬದಿಯ ಮುಚ್ಚಳ ಬಿಚ್ಚಲು ಹೊರಡುತ್ತಾರೆ. ಮೊದಲನೆಯದರಿಂದ ಹಣ ವ್ಯರ್ಥವಾಗಬಹುದು. ಎರಡನೆಯದರಿಂದ ಪ್ರಾಣಕ್ಕೇ ಅಪಾಯವುಂಟು. ಇವೆರಡಕ್ಕೂ ಮೊದಲು, ಮುಚ್ಚಳ ತೆರೆಯದೆಯೇ ಮನೆಯವರು ಹತ್ತು ನಿಮಿಷಗಳಲ್ಲಿ ಮಾಡಿ ನೋಡಬಹುದಾದ ಕೆಲವು ಪರೀಕ್ಷೆಗಳಿವೆ. ಸುಟ್ಟ ವಾಸನೆಯಾಗಲಿ ಹೊಗೆಯಾಗಲಿ ಬಂದಿದ್ದರೆ ಮಾತ್ರ ಯಾವ ಪರೀಕ್ಷೆಯೂ ಸಲ್ಲದು. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ತಿಳಿದವರನ್ನು ಕರೆಯುವುದೇ ಸರಿ.

ಪರೀಕ್ಷೆಯನ್ನು ಗೋಡೆಯಿಂದ ಆರಂಭಿಸಬೇಕು. ಟಿ.ವಿ.ಯ ಪ್ಲಗ್ ತೆಗೆದು ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿರಿ. ಅದೂ ಕೆಲಸ ಮಾಡದಿದ್ದರೆ ದೋಷ ಟಿ.ವಿ.ಯದಲ್ಲ, ಸ್ವಿಚ್‌ಬೋರ್ಡಿನಲ್ಲೋ ಎಂ.ಸಿ.ಬಿ.ಯಲ್ಲೋ ಇದ್ದೀತು. ಸ್ಟೆಬಿಲೈಜರ್ ಇದ್ದಲ್ಲಿ ಅದನ್ನು ಬಿಟ್ಟು, ಟಿ.ವಿ.ಯನ್ನು ಒಮ್ಮೆ ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಬೇಕು. ಅನೇಕ ಟಿ.ವಿ.ಗಳಲ್ಲಿ ವಯರಿನ ಇನ್ನೊಂದು ತುದಿಯೂ ಬಿಚ್ಚಿ ಹಾಕುವಂತಿದ್ದು, ಧೂಳು ಒರೆಸುವಾಗ ಸಡಿಲಗೊಳ್ಳುವುದುಂಟು. ಸ್ವಿಚ್ ಆರಿಸಿದ ಬಳಿಕವೇ ಅದನ್ನು ಒತ್ತಿ ಕೂರಿಸಬೇಕು.

ಅನಂತರ ಟಿ.ವಿ.ಯ ಅಂಚಿನಲ್ಲಿರುವ ಪುಟ್ಟ ದೀಪವನ್ನು ಗಮನಿಸಿರಿ. ದೀಪ ಉರಿಯುತ್ತಿದ್ದೂ ರಿಮೋಟಿಗೆ ಟಿ.ವಿ. ಓಗೊಡದಿದ್ದರೆ, ಅದರ ಮೈಮೇಲಿನ ಗುಂಡಿಯನ್ನೇ ಒತ್ತಬೇಕು. ಆಗ ಹತ್ತಿದರೆ ರಿಮೋಟಿನ ಕಡೆ ನೋಡಬೇಕೆಂದು ಅರ್ಥ. ಸಾಮಾನ್ಯ ರಿಮೋಟಿನ ತುದಿಯನ್ನು ಮೊಬೈಲಿನ ಮುಂಬದಿಯ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿದರೆ, ಬರಿಗಣ್ಣಿಗೆ ಕಾಣದ ಅವಗೆಂಪು ಕಿರಣವು ಹಲವು ಮೊಬೈಲುಗಳ ಪರದೆಯಲ್ಲಿ ಮಿಣುಕುತ್ತದೆ. ಮಿಣುಕದಿದ್ದರೆ ಹೊಸ ಸೆಲ್ ಹಾಕಿ ನೋಡಬಹುದು.

ಗುಂಡಿಗೂ ಹತ್ತದಿದ್ದರೆ ಇನ್ನೊಂದು ಉಪಾಯವಿದೆ. ಇಂದಿನ ಟಿ.ವಿ. ಒಂದು ಸಣ್ಣ ಗಣಕಯಂತ್ರವೇ ಆಗಿದ್ದು, ಕೆಲವೊಮ್ಮೆ ನಡುವೆಯೇ ಸ್ತಬ್ಧವಾಗಿಬಿಡುತ್ತದೆ. ಪ್ಲಗ್ ತೆಗೆದು, ಟಿ.ವಿ.ಯ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ಮತ್ತೆ ಜೋಡಿಸಿದರೆ ಅದು ಎಚ್ಚರಗೊಳ್ಳಬಹುದು. ದೀಪ ಮಿನುಗಿ ನಿಂತು ಮತ್ತೆ ಮಿನುಗುತ್ತಿದ್ದರೆ, ಎಷ್ಟು ಸಲವೆಂದು ಎಣಿಸಿ ಬರೆದಿಡಿರಿ. ಕೆಲವು ತಯಾರಕರು ದೋಷದ ಬಗೆಯನ್ನು ಈ ಎಣಿಕೆಯಿಂದಲೇ ಸೂಚಿಸುತ್ತಾರೆ.

ಧ್ವನಿ ಕೇಳಿಸಿ ಚಿತ್ರ ಕಾಣದಿದ್ದರೆ, ಕೋಣೆಯನ್ನು ಕತ್ತಲು ಮಾಡಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಡಿರಿ. ಮಸುಕಾಗಿ ಚಿತ್ರ ಕಂಡರೆ, ಪರದೆ ಕೆಟ್ಟಿಲ್ಲ. ಅದರ ಹಿಂದಿನ ಬೆಳಕಿನ ವ್ಯವಸ್ಥೆಯಲ್ಲಿ ದೋಷವಿದೆ ಎಂದು ತಿಳಿಯಬಹುದು. ಪರದೆಯನ್ನೇ ಬದಲಿಸಬೇಕೆಂದು ಯಾರಾದರೂ ಹೇಳಿದಾಗ ಈ ತಿಳಿವು ನೆರವಾಗುತ್ತದೆ.

ಪುಟ್ಟ ದೀಪವೂ ಉರಿಯದಿದ್ದರೆ ಒಳಗಿನ ಪವರ್ ಸಪ್ಲೈ ಬೋರ್ಡು ಕೆಟ್ಟಿರುವ ಸಂಭವ ಹೆಚ್ಚು. ಮನೆಯವರ ಕೆಲಸ ಇಲ್ಲಿಗೆ ಮುಗಿಯಿತು. ಮನೆಗೆ ಬರುವ 230 ವೋಲ್ಟ್ ವಿದ್ಯುತ್ತು ಆ ಬೋರ್ಡಿನಲ್ಲಿ 300 ವೋಲ್ಟಿಗೂ ಮೀರಿ ಕೆಪಾಸಿಟರುಗಳಲ್ಲಿ ಸಂಗ್ರಹವಾಗುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಕಾಲ ಅಲ್ಲೇ ಉಳಿಯಬಹುದು. ಅಟ್ಟದ ಮೇಲಿರುವ ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ. ಇನ್ನೂ ಅಪಾಯಕಾರಿ. ಬಣ್ಣದ ಟಿ.ವಿ.ಯ ಟ್ಯೂಬಿಗೆ 20,000 ವೋಲ್ಟಿಗೂ ಹೆಚ್ಚು ಒತ್ತಡ ಬೇಕಾಗುತ್ತದೆ. ಶಾಲೆಯಲ್ಲಿ ವಿಜ್ಞಾನ ಓದಿದ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕು. ಪ್ಲಗ್ ತೆಗೆದಿದೆಯೆಂಬ ಧೈರ್ಯದಿಂದಲೇ ಅವರು ಒಳಗೆ ಕೈಯಿಡುವುದು.

ಬೋರ್ಡು ಸುಡಲು ಸಿಡಿಲು ಒಂದು ಮುಖ್ಯ ಕಾರಣ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮೋಡ ಕವಿಯುತ್ತಿರುವಾಗಲೇ ಪ್ಲಗ್ಗನ್ನೂ ಕೇಬಲ್ ಇಲ್ಲವೆ ಡಿಷ್ ವಯರನ್ನೂ ತೆಗೆದಿಡಬೇಕು. ಗುಡುಗು ಆರಂಭವಾದ ಮೇಲೆ ಅವನ್ನು ಮುಟ್ಟಬಾರದು. ಸಿಡಿಲನ್ನು ಸ್ಟೆಬಿಲೈಜರ್ ತಡೆಯಲಾರದು. ಕಂಬದ ನ್ಯೂಟ್ರಲ್ ತಂತಿ ಕಡಿದರೆ ಕೆಲವು ಮನೆಗಳಿಗೆ 400 ವೋಲ್ಟಿನ ಸಮೀಪದ ವಿದ್ಯುತ್ತು ನುಗ್ಗುವುದುಂಟು. ದೀಪಗಳು ಇದ್ದಕ್ಕಿದ್ದಂತೆ ಅತಿಯಾಗಿ ಬೆಳಗಿದರೆ ತಡಮಾಡದೆ ಮೇನ್ ಸ್ವಿಚ್ ಆರಿಸಿ, 1912ಕ್ಕೆ ದೂರು ಕೊಡಿರಿ.

ರಿಪೇರಿಗೆ ಕೊಡುವ ಮುನ್ನ ವಾರಂಟಿ ಅವಧಿಯನ್ನು ನೋಡಿರಿ. ಖರ್ಚಿನ ಅಂದಾಜನ್ನು ಬರಹದಲ್ಲಿ ಪಡೆಯಿರಿ. ಬದಲಿಸಿದ ಹಳೆಯ ಬೋರ್ಡನ್ನೂ ರಸೀದಿಯನ್ನೂ ಕೇಳಲು ಸಂಕೋಚ ಬೇಡ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ನಗರಗಳಲ್ಲಿ ನೆಲೆಸಿದ ಮಕ್ಕಳು ಊರಿಗೆ ಬಂದಾಗ, ಒಂಟಿಯಾಗಿರುವ ತಂದೆತಾಯಿಗೆ ಈ ಪರೀಕ್ಷೆಗಳನ್ನು ಒಮ್ಮೆ ಎದುರಿಗೆ ಮಾಡಿ ತೋರಿಸಲಿ. ಮೇನ್ ಸ್ವಿಚ್ ಎಲ್ಲಿದೆ, ಅದನ್ನು ಆರಿಸುವುದು ಹೇಗೆ ಎಂಬುದನ್ನೂ ಮರೆಯದೆ ಕಲಿಸಲಿ.