ಎರವಿನ ಟಯರು

ಲಿಂಗಸುಗೂರಿನ ಲಾರಿಯೊಂದರ ಅರ್ಹತಾ ಪತ್ರದ, ಜನರ ಬಾಯಲ್ಲಿ ‘ಎಫ್.ಸಿ.’ಯ, ಅವಧಿ ಮುಗಿಯಿತೆನ್ನಿ. ಮಾಲೀಕನಿಗೆ ಮೊದಲು ನೆನಪಾಗುವುದು ಬಣ್ಣದ ಡಬ್ಬಿ. ದೀಪ, ಹಾರನ್ನುಗಳು ಒಂದೇ ದಿನದಲ್ಲಿ ಹೊಸದಾಗುತ್ತವೆ. ನೆರೆಯವನಿಂದ ಎರಡು ಒಳ್ಳೆಯ ಟಯರುಗಳು ಎರವಲು ಬರುವುದೂ ಉಂಟು!

1988ರ ಮೋಟಾರು ವಾಹನ ಕಾಯಿದೆಯಂತೆ ಸಾರಿಗೆ ವಾಹನಗಳಿಗೆ ಈ ಪರೀಕ್ಷೆ ಕಡ್ಡಾಯ. 8 ವರ್ಷ ದಾಟಿದ ಗಾಡಿಗೆ ಅದು ವರ್ಷಕ್ಕೊಮ್ಮೆ. ಪ್ರಾಯದ ಗಾಡಿಗೆ 2 ವರ್ಷಕ್ಕೊಮ್ಮೆ. ಮುದುಕರ ನಾಡಿಯನ್ನು ಮೇಲಿಂದ ಮೇಲೆ ಹಿಡಿದು ನೋಡಬೇಕಷ್ಟೆ.

ಆದರೆ ಪತ್ರ ಕೈಸೇರಿದ ಸಂಜೆಯೇ ಎರವಿನ ಟಯರು ಒಡೆಯನಿಗೆ ಮರಳುತ್ತದೆ. ಮರುದಿನ ಸಿಂಧನೂರಿನ ಭತ್ತದ ಮೂಟೆಗಳೂ ಅವುಗಳ ಮೇಲೆ ಕುಳಿತ ಹಮಾಲರೂ ಸವೆದ ಟಯರನ್ನೇ ನಂಬಿ ಹೊರಡುತ್ತಾರೆ.

ಅಧಿಕಾರಿ ಪರೀಕ್ಷಿಸುವುದು ಒಂದು ದಿನ. ಉಳಿದ 364 ದಿನ ಪರೀಕ್ಷಿಸುವುದು ರಸ್ತೆ. ಅಲ್ಲಿ ನಪಾಸಾದವನಿಗೆ ಮರುಪರೀಕ್ಷೆಯಿಲ್ಲ.